ಲ್ಯಾಬ್ರಡಾರ್‌ಗಳಿಗೆ ಇನ್ನು ಬೇಸಿಗೆಯ ಝೀರೋ ಕಟಿಂಗ್ ಇಲ್ಲ

ಎಲ್ಲರಿಗೂ ನಮಸ್ಕಾರ,

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಏಪ್ರಿಲ್ 1ರಿಂದ ನಮ್ಮ ಅಂಗಡಿಯಲ್ಲಿ ಲ್ಯಾಬ್ರಡಾರ್ ನಾಯಿಗಳ ಮೈ ಬೋಳಿಸುವುದಿಲ್ಲ. ಪಗ್, ಬೀಗಲ್‌ಗಳಿಗೂ ಇದೇ ನಿಯಮ. ಅದರ ಬದಲು ಬ್ರಶ್, ಸ್ನಾನ, ಬ್ಲೋವರ್ ಮೂರೂ ಸೇರಿದ ಒಂದು ಸರ್ವಿಸ್ ಶುರು ಮಾಡುತ್ತಿದ್ದೇವೆ. ರೇಟು ಬೋಳಿಸುವುದಕ್ಕೆ ಎಷ್ಟಿತ್ತೋ ಅಷ್ಟೇ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ, ಒಂದು ನಾಯಿಗೆ ಸುಮಾರು ಎರಡು ಗಂಟೆ.

ಮೈಸೂರಿನಲ್ಲಿ ಮಾರ್ಚ್ ಬಂತೆಂದರೆ "ನಮ್ಮ ಹುಡುಗನಿಗೆ ಸೆಕೆ ತಡೆಯೋಕಾಗ್ತಿಲ್ಲ, ಮನೆ ತುಂಬಾ ಕೂದಲು, ಝೀರೋ ಹೊಡೆದು ಕೊಡಿ" ಅಂತ ಫೋನ್ ಬರುತ್ತಲೇ ಇರುತ್ತದೆ. ಪ್ರೀತಿಯಿಂದಲೇ ಕೇಳುತ್ತೀರಿ, ನಮಗೆ ಗೊತ್ತು. ಆದರೆ ಬೋಳಿಸಿದರೆ ಸೆಕೆಯೂ ಕಮ್ಮಿಯಾಗುವುದಿಲ್ಲ, ಕೂದಲು ಉದುರುವುದೂ ನಿಲ್ಲುವುದಿಲ್ಲ.

ನಿಮ್ಮ ಲ್ಯಾಬ್‌ನ ಬೆನ್ನ ಮೇಲಿನ ಕೂದಲನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ. ಮೇಲೆ ಕಾಣುವುದು ಒರಟಾದ ನೇರ ಕೂದಲು. ಅದರ ಬುಡದಲ್ಲಿ, ಚರ್ಮಕ್ಕೆ ಒತ್ತಿಕೊಂಡು, ಹಿಂಜಿದ ಹತ್ತಿಯಂತೆ ಮೆತ್ತಗಿರುವುದು ಒಳಕೂದಲು. ಸ್ನಾನ ಮಾಡಿಸುವಾಗ ಮೊದಲ ಮಗ್ ನೀರು ಸುರಿದರೆ ಅದು ಮೇಲಿಂದ ಮೇಲೇ ಜಾರಿ ಹೋಗುತ್ತದೆ, ಚರ್ಮ ಒದ್ದೆಯಾಗಲು ಬೆರಳಿಂದ ಉಜ್ಜಬೇಕು, ಅಲ್ವಾ? ಈ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ಕೊರೆಯುವ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳನ್ನು ಬ್ರಿಟನ್ನಿಗೆ ತಂದು ಬೆಳೆಸಿದರು, ಅಲ್ಲಿನ ಕೆನಲ್ ಕ್ಲಬ್ 1903ರಲ್ಲಿ ತಳಿಗೆ ಮಾನ್ಯತೆ ಕೊಟ್ಟಿತು. ಆ ತಣ್ಣೀರಿಗೆಂದೇ ಬಂದ ಎರಡು ಪದರದ ಕೂದಲನ್ನು ನಮ್ಮೂರಿನ ಲ್ಯಾಬ್‌ಗಳೂ ಹೊತ್ತಿವೆ.

ಹಾಗಾದರೆ ಬೇಸಿಗೆಯಲ್ಲಿ ತೆಗೆದುಬಿಟ್ಟರೆ ಹಾಯಾಗಿರುವುದಿಲ್ಲವೇ ಎಂದು ಕೇಳಬಹುದು. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವತು ತಣ್ಣಗಾಗುವುದಿಲ್ಲ. ಬೆವರುವುದು ಮುಖ್ಯವಾಗಿ ಅಂಗಾಲಲ್ಲಿ, ಅದೂ ಸ್ವಲ್ಪವೇ. ಅದು ಮೈ ತಂಪು ಮಾಡಿಕೊಳ್ಳುವುದು ನಾಲಿಗೆ ಚಾಚಿ ತೇಕುವುದರಿಂದ. ಅದಕ್ಕೇ ಬೋಳಿಸಿದ ಮೈಗೆ ಫ್ಯಾನ್ ಗಾಳಿ ಬಿದ್ದರೂ ನಮಗಾಗುವಷ್ಟು ಸುಖ ಅದಕ್ಕೆ ಆಗುವುದಿಲ್ಲ. ಮೇಲಾಗಿ ಕೂದಲು ಹೋದ ಚರ್ಮದ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಬಿಳಿ ಮತ್ತು ತಿಳಿ ಹಳದಿ ಲ್ಯಾಬ್‌ಗಳ ಮೈ ಬೇಗ ಸುಡುತ್ತದೆ. ನಿಜವಾಗಿ ಸೆಕೆ ತಗ್ಗಿಸಬೇಕೆಂದರೆ ವಾಕಿಂಗನ್ನು ಬೆಳಗ್ಗೆ ಏಳರೊಳಗೆ, ಇಲ್ಲವೇ ಸಂಜೆ ರಸ್ತೆ ಆರಿದ ಮೇಲೆ ಇಟ್ಟುಕೊಳ್ಳಿ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ಅದಕ್ಕೂ ಆಗುವುದಿಲ್ಲ. ಮತ್ತೆ ತೂಕ. ದಪ್ಪಗಿರುವ ಲ್ಯಾಬ್‌ಗೆ ಸೆಕೆ ಬಲು ಕಷ್ಟ. ಬಿಸ್ಕತ್ತು ಕಮ್ಮಿ ಮಾಡಿ, ದಯವಿಟ್ಟು.

ಇನ್ನು ಉದುರುವ ವಿಷಯ. ಹಗಲಿನ ಉದ್ದ ಬದಲಾದಂತೆ ಹಳೆ ಕೂದಲು ಬಿಟ್ಟು ಹೊಸದು ಬರುತ್ತದೆ. ಲಂಡನ್ನಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗಿಂತ ಹೆಚ್ಚು ವ್ಯತ್ಯಾಸ, ಆದ್ದರಿಂದ ಅಲ್ಲಿನ ಲ್ಯಾಬ್‌ಗಳು ವರ್ಷಕ್ಕೆ ಎರಡು ಸಲ ರಾಶಿ ರಾಶಿ ಉದುರಿಸುತ್ತವೆ. ಮೈಸೂರಿನಲ್ಲಿ ಆ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ, ಅದರ ಮೇಲೆ ನಮ್ಮ ನಾಯಿಗಳು ರಾತ್ರಿ ಹತ್ತರವರೆಗೂ ಟ್ಯೂಬ್‌ಲೈಟ್ ಕೆಳಗೇ ಮಲಗಿರುತ್ತವೆ. ಹಾಗಾಗಿ ವರ್ಷವಿಡೀ ಅಷ್ಟಿಷ್ಟು ಉದುರುತ್ತಲೇ ಇರುತ್ತದೆ. ಇದು ರೋಗ ಅಲ್ಲ, ತಳಿಯ ಸ್ವಭಾವ. ಬೋಳಿಸಿದರೆ ಬುಡ ಅಲ್ಲೇ ಇರುತ್ತದಲ್ಲ, ಅದು ತುಂಡಾಗಿ ಉದುರುತ್ತದೆ. ಆ ಚುಚ್ಚುವ ತುಂಡುಗಳು ಸೋಫಾ ಬಟ್ಟೆಯೊಳಗೆ ಹೊಕ್ಕರೆ ಪೊರಕೆಗೂ ಬರುವುದಿಲ್ಲ, ಎಲ್ಲವೂ ವ್ಯಾಕ್ಯೂಮ್‌ಗೂ ಸಿಗುವುದಿಲ್ಲ. ಇನ್ನೊಂದು ದೊಡ್ಡ ಕಾರಣ: ಎರಡು ಪದರದ ಕೂದಲಿರುವ ಕೆಲವು ನಾಯಿಗಳಿಗೆ ಬೋಳಿಸಿದ ಜಾಗದಲ್ಲಿ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ, ಬಂದರೂ ತೇಪೆ ತೇಪೆಯಾಗಿ ಬರುತ್ತದೆ. ಯಾವ ನಾಯಿಗೆ ಹೀಗಾಗುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಅದಕ್ಕೇ ಯಾವುದಕ್ಕೂ ಬೇಡ ಅಂತ ತೀರ್ಮಾನಿಸಿದ್ದೇವೆ.

ಹೊಸ ಸರ್ವಿಸ್‌ನಲ್ಲಿ ಮೊದಲು ಒಣ ಮೈಗೆ ರಬ್ಬರ್ ಬ್ರಶ್ ಹಾಕುತ್ತೇವೆ, ಸುತ್ತು ಸುತ್ತಾಗಿ, ಆಮೇಲೆ ಕೂದಲು ಮಲಗಿದ ದಿಕ್ಕಿಗೆ. ತೊಡೆಯ ಹಿಂಭಾಗ ಮತ್ತು ಕತ್ತಿನ ಸುತ್ತ ನಿಧಾನವಾಗಿ ಮಾಡುತ್ತೇವೆ, ಯಾಕೆಂದರೆ ಬಿಟ್ಟುಕೊಂಡ ಒಳಕೂದಲು ಜಾಸ್ತಿ ಸಿಕ್ಕಿಕೊಂಡಿರುವುದು ಅಲ್ಲೇ. ನಂತರ ನಾಯಿ ಶಾಂಪೂ, ಚೆನ್ನಾಗಿ ನೀರು, ಕೊನೆಗೆ ಬ್ಲೋವರ್. ಬ್ಲೋವರ್ ಗಾಳಿ ಜೋರು, ಬಿಸಿ ಅಲ್ಲ. ಅದು ಬುಡದವರೆಗೆ ಹೋಗಿ ಸಡಿಲವಾದ ಕೂದಲನ್ನೆಲ್ಲಾ ಹಾರಿಸುತ್ತದೆ. ಒಳಗೆ ತೇವ ಉಳಿದರೆ ನಾಯಿ ಕೆರೆದು ನೆಕ್ಕಿ ಒಂದೇ ದಿನದಲ್ಲಿ ಅಂಗೈಯಗಲ ಹುಣ್ಣು ಮಾಡಿಕೊಳ್ಳಬಹುದು, ಹಾಗಾಗಿ ಪೂರ್ತಿ ಒಣಗದೆ ಮನೆಗೆ ಕಳಿಸುವುದಿಲ್ಲ. ಬ್ಲೋವರ್ ಸದ್ದಿಗೆ ಹೆದರುವ ನಾಯಿಯಾದರೆ ಬರುವಾಗಲೇ ಹೇಳಿ, ಟವೆಲ್ಲಲ್ಲಿ ಒಣಗಿಸುತ್ತೇವೆ.

ಮನೆಯಲ್ಲೂ ನಿಮ್ಮ ಪಾಲಿನ ಕೆಲಸ ಇದೆ. ವಾರಕ್ಕೆ ಎರಡು ಮೂರು ದಿನ, ಜಾಸ್ತಿ ಉದುರುವಾಗ ದಿನಾ, ಹತ್ತು ನಿಮಿಷ ಜಗುಲಿಯಲ್ಲೋ ಟೆರೇಸಿನಲ್ಲೋ ಕೂರಿಸಿಕೊಂಡು ಬ್ರಶ್ ಮಾಡಿ. ಬ್ರಶ್‌ಗೆ ಸಿಕ್ಕ ಕೂದಲು ನೆಲಕ್ಕೆ ಬೀಳುವುದಿಲ್ಲವಲ್ಲ! ಕೈಯಾಡಿಸುವಾಗ ರಕ್ತ ಹೀರುವ ಉಣ್ಣೆ ಹುಳ ಇದ್ದರೂ ಗೊತ್ತಾಗುತ್ತದೆ, ಕಿವಿ ಹಿಂದೆ, ಬೆರಳ ಸಂದಿ ನೋಡಲು ಮರೆಯಬೇಡಿ. ಸ್ನಾನ ತಿಂಗಳಿಗೊಮ್ಮೆ ಸಾಕು. ವಾರ ವಾರ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಹೊಟ್ಟು ಬಂದು ಇನ್ನೂ ಉದುರುತ್ತದೆ. ನಿಮ್ಮ ಶಾಂಪೂ ಬೇಡ, ಅದು ಮನುಷ್ಯರ ಚರ್ಮಕ್ಕೆ ಮಾಡಿದ್ದು. ಕೂದಲು ಬಹುಪಾಲು ಪ್ರೋಟೀನೇ, ಆದ್ದರಿಂದ ಬರೀ ಅನ್ನ ಮೊಸರಿನಲ್ಲಿ ಬೆಳೆಯುವ ಲ್ಯಾಬ್‌ನ ಮೈ ಹೊಳೆಯುವುದು ಕಷ್ಟ. ಅಂದ ಹಾಗೆ, ಮುಧೋಳ ನಾಯಿ ಸಾಕಿರುವವರಿಗೆ ಈ ಗೋಳು ಕಮ್ಮಿ. ಅದರದು ತೆಳುವಾದ ಗಿಡ್ಡ ಕೂದಲು, ರಬ್ಬರ್ ಗ್ಲೌಸ್ ಹಾಕಿ ಒಮ್ಮೆ ಸವರಿದರೆ ಸಾಕು.

ಒಂದು ಮಾತ್ರ ಗಮನದಲ್ಲಿರಲಿ. ಮೈತುಂಬಾ ಸಮನಾಗಿ ಉದುರಿದರೆ ಚಿಂತೆ ಇಲ್ಲ. ಅಲ್ಲಲ್ಲಿ ದುಂಡಗೆ ಬೋಳಾಗಿದ್ದರೆ, ಚರ್ಮ ಕೆಂಪಾಗಿ ವಾಸನೆ ಬರುತ್ತಿದ್ದರೆ, ರಾತ್ರಿಯೆಲ್ಲಾ ಕೆರೆದುಕೊಳ್ಳುತ್ತಿದ್ದರೆ, ಅಥವಾ ನಡುವಯಸ್ಸಿನ ನಾಯಿ ಮಂಕಾಗಿ, ತೂಕ ಏರಿ, ಎರಡೂ ಪಕ್ಕೆಯಲ್ಲಿ ಕೂದಲು ತೆಳ್ಳಗಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಹುಳುಕಡ್ಡಿ, ಕಜ್ಜಿ, ಥೈರಾಯ್ಡ್, ಏನು ಬೇಕಾದರೂ ಇರಬಹುದು. ಅಂಥದ್ದು ಕಂಡರೆ ನಾವೂ ಸ್ನಾನ ಮಾಡಿಸದೆ ಡಾಕ್ಟರ ಬಳಿ ಕಳಿಸುತ್ತೇವೆ, ಬೇಜಾರು ಮಾಡ್ಕೋಬೇಡಿ.

ಗಾಯ ಅಥವಾ ಆಪರೇಷನ್‌ಗೆಂದು ಡಾಕ್ಟರು ಬರೆದುಕೊಟ್ಟರೆ ಆ ಜಾಗದಷ್ಟು ಕೂದಲು ತೆಗೆದುಕೊಡುತ್ತೇವೆ. ಅಂಗಾಲಿನ ಕೂದಲು, ಉಗುರು, ಕಿವಿ ಕ್ಲೀನಿಂಗ್ ಎಂದಿನಂತೆ. ಶಿಟ್ಜು, ಪೂಡಲ್‌ಗಳ ಕೂದಲು ಬೆಳೆಯುತ್ತಲೇ ಇರುತ್ತದೆ, ಅವಕ್ಕೆ ಕಟಿಂಗ್ ಬೇಕೇ ಬೇಕು, ಅದು ಮುಂದುವರಿಯುತ್ತದೆ.

ಏಪ್ರಿಲ್‌ಗೆ ಝೀರೋ ಕಟಿಂಗ್ ಬುಕ್ ಮಾಡಿರುವವರ ಸ್ಲಾಟು ಹಾಗೇ ಇದೆ, ಅದೇ ದಿನ ಹೊಸ ಸರ್ವಿಸ್ ಮಾಡಿಕೊಡುತ್ತೇವೆ. ಬೇಡ ಅನ್ನಿಸಿದರೆ ಹಿಂದಿನ ದಿನದೊಳಗೆ ವಾಟ್ಸಾಪ್ ಮಾಡಿ, ಅಡ್ವಾನ್ಸ್ ಪೂರ್ತಿ ವಾಪಸ್. ಮನೆಯಲ್ಲಿ ಬ್ರಶ್ ಮಾಡುವುದು ಹೇಗೆಂದು ನೋಡಬೇಕಾದರೆ ನಿಮ್ಮ ನಾಯಿಯ ಸರದಿ ಬಂದಾಗ ಒಳಗೆ ಬಂದು ನಿಲ್ಲಿ, ಬ್ರಶ್ ನಿಮ್ಮ ಕೈಗೇ ಕೊಟ್ಟು ತೋರಿಸುತ್ತೇವೆ.

ಇಂತಿ,
ನಿಮ್ಮ ಗ್ರೂಮಿಂಗ್ ಅಂಗಡಿಯವರು, ಮೈಸೂರು