ನಡುವಿನ ತೂತಿಗೆ ಸುರಿಯಬೇಡ

ಮೂಡಿಗೆರೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ಹೂಮಳೆ ಇನ್ನೂ ಬಂದಿಲ್ಲ. ಕೆರೆ ಪಕ್ಕ ಸ್ಪ್ರಿಂಕ್ಲರ್ ಎಂಜಿನ್ ಹಗಲೂ ರಾತ್ರಿ ಓಡುತ್ತಿದೆ. ಅದು ಓಡಿದರೆ ನಿನ್ನ ದೊಡ್ಡಮ್ಮನಿಗೆ ನಿದ್ದೆ ಇಲ್ಲ, ನಿಂತರೆ ನನಗೆ ನಿದ್ದೆ ಇಲ್ಲ.

ಮೊನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ಹಾಸನದಲ್ಲಿ ನೀನು ಗ್ಯಾರೇಜಿನ ಮೇಸ್ತ್ರಿ ಜೊತೆ ಮಾತು ಬಿಟ್ಟು ಎಂಟು ದಿನ ಆಯಿತಂತೆ. ಏನು ಕಾರಣ ಅಂತ ಕೇಳಿದರೆ ಅವಳಿಗೆ ಸರಿಯಾಗಿ ಹೇಳಲು ಬರಲಿಲ್ಲ. 'ಅದೇನೋ ಫಿಲ್ಟರಿಗೆ ಎಣ್ಣೆ ಹಾಕೋ ವಿಷಯ' ಅಂದಳು. ನನಗೆ ಅಲ್ಲೇ ಅರ್ಥ ಆಯಿತು, ನಗುವೂ ಬಂತು. ಎಂಜಿನ್ ಎಣ್ಣೆ ಸೋಸುವ ಹೊಸ ಆಯಿಲ್ ಫಿಲ್ಟರ್ ಕೂರಿಸುವಾಗ ಅದರೊಳಗೆ ಎಣ್ಣೆ ತುಂಬಿ ಕೂರಿಸಬೇಕು ಅಂತ ಮೇಸ್ತ್ರಿ, ಖಾಲಿ ಕೂರಿಸಬೇಕು ಅಂತ ಐಟಿಐ ಮುಗಿಸಿದ ನೀನು. ಹೌದು ತಾನೇ? ಇದೇ ಜಗಳ 25 ವರ್ಷದ ಹಿಂದೆ ನಾನೂ ಆಡಿದ್ದೇನೆ ಮಾರಾಯ. ಆಗ ನಾನು ಮೇಸ್ತ್ರಿ ಕಡೆ ಇದ್ದೆ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಮೊದಲು ಮೇಸ್ತ್ರಿ ಮಾತು. ಅದರಲ್ಲಿ ಸುಳ್ಳೇನಿಲ್ಲ. ಪಂಪು ಎಂಜಿನ್ ತಳದ ಚೇಂಬರಿನಿಂದ ಎಳೆದ ಎಣ್ಣೆ ಫಿಲ್ಟರ್ ದಾಟಿಯೇ, ತಿರುಗುವ ಶಾಫ್ಟ್ ಹೊರುವ ಬೇರಿಂಗಿಗೆ ಹೋಗಬೇಕು. ಫಿಲ್ಟರ್ ಖಾಲಿ ಇದ್ದರೆ ಅದು ತುಂಬುವ ತನಕ ಮುಂದಕ್ಕೆ ಎಣ್ಣೆ ಇಲ್ಲ. ಕಾರಿನ ಸಣ್ಣ ಫಿಲ್ಟರ್ ಆದರೆ ಅರ್ಧ ಲೀಟರೂ ಹಿಡಿಯುವುದಿಲ್ಲ. ಮೂರು ನಾಲ್ಕು ಸೆಕೆಂಡಿನಲ್ಲಿ ಎಣ್ಣೆ ಒತ್ತಡದ ಕೆಂಪು ದೀಪ ಆರುತ್ತದೆ. ಅಷ್ಟು ಹೊತ್ತು ಹಳೆ ಎಣ್ಣೆಯ ಪಸೆ ಬೇರಿಂಗ್ ಮೇಲೆ ಇದ್ದೇ ಇರುತ್ತದೆ. ಲಾರಿಯ ಉದ್ದ ಫಿಲ್ಟರ್ ಹಾಗಲ್ಲ. ಅದರ ಹೊಟ್ಟೆ ದೊಡ್ಡದು, ದೀಪ ಆರುವುದೂ ತಡ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಗಾಡಿಯಲ್ಲಿ ಆ ತಡ ಇನ್ನೂ ಕೆಟ್ಟದ್ದು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುವ ಸಾಮಾನು, ಎಣ್ಣೆ ಇಲ್ಲದೆ ಅದಕ್ಕೆ ಬದುಕಿಲ್ಲ.

ಈಗ ನಿನ್ನ ಮಾತು. ಅದೂ ಸುಳ್ಳಲ್ಲ. ಅದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ, ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ಆಗ ಕಾಫಿ ಕೊಯ್ಲು. ತೋಟದ ಗಾಡಿ ಬೆಳಗಿನ ಜಾವವೇ ಆಳು ಕರೆತರಲು ಹೋಗಬೇಕಿತ್ತು. ರಾತ್ರಿ ಟಾರ್ಚ್ ಬೆಳಕಿನಲ್ಲಿ ಎಣ್ಣೆ ಬದಲಾಯಿಸಲು ಕೂತೆ. ಕಣದ ಪಕ್ಕದ ಶೆಡ್ಡಿನಲ್ಲಿ ಅರ್ಧ ಉಳಿದ ಐದು ಲೀಟರ್ ಕ್ಯಾನ್ ಇತ್ತು. ಮುಚ್ಚಳ ಕಳೆದುಹೋಗಿತ್ತು, ಬಾಯಿಗೆ ಬಟ್ಟೆ ತುರುಕಿದ್ದರು. ಅದನ್ನು ಎತ್ತಿ ಹೊಸ ಫಿಲ್ಟರಿನ ನಡುವಿನ ದೊಡ್ಡ ತೂತಿಗೆ ಗಟಗಟ ಸುರಿದೆ. ತುಂಬಿ ಬಂದಾಗ ನೋಡಿದರೆ ಎಣ್ಣೆ ಮೇಲೆ ಬಟ್ಟೆಯ ಒಂದು ದಾರ, ಅದರ ಪಕ್ಕ ಕಾಫಿ ಸಿಪ್ಪೆಯ ಸಣ್ಣ ಚೂರು. ಎರಡನ್ನೂ ಕಿರುಬೆರಳಲ್ಲಿ ತೆಗೆದು, ಬೆರಳನ್ನು ಪ್ಯಾಂಟಿಗೆ ಒರೆಸಿ, ಫಿಲ್ಟರ್ ಕೂರಿಸಿದೆ. ಕಂಡದ್ದನ್ನು ತೆಗೆದೆ. ಕಾಣದ್ದು?

ಮುಂದಿನ ವರ್ಷ ಆ ಎಂಜಿನ್ ಬಿಚ್ಚಿದಾಗ ಬೇರಿಂಗ್ ಶೆಲ್ ಮೇಲೆ ಉಗುರಲ್ಲಿ ಗೀರಿದ ಹಾಗೆ ಗೆರೆಗಳಿದ್ದವು. ಅದು ನನ್ನ ಸಿಪ್ಪೆಯದ್ದೇ ಕೆಲಸ ಅಂತ ಆಣೆ ಮಾಡಿ ಹೇಳಲಾರೆ. ಹಳೆ ಗಾಡಿ, ಬೇರೆ ಕಾರಣವೂ ಇರಬಹುದು. ಆದರೆ ಆ ಶೆಲ್ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಕಿರುಬೆರಳು.

ಒಂದು ಹೊಸ ಫಿಲ್ಟರ್ ತಲೆಕೆಳಗು ಮಾಡಿ ಅದರ ಬಾಯಿ ನೋಡು. ಸುತ್ತಲೂ ಸಣ್ಣ ಸಣ್ಣ ತೂತು, ನಡುವೆ ತಿರುಪಿನ ಮರೆ (ಥ್ರೆಡ್) ಇರುವ ದೊಡ್ಡ ತೂತು. ಎಣ್ಣೆ ಒಳಗೆ ಬರುವುದು ಸಣ್ಣ ತೂತಿನಿಂದ. ಫಿಲ್ಟರ್ ಒಳಗಿನ ಸೋಸುವ ಕಾಗದ ದಾಟಿ ಸೋಸಿಕೊಂಡು ನಡುವಿನ ತೂತಿನಿಂದ ಎಂಜಿನ್ನಿಗೆ ಹೋಗುತ್ತದೆ. ನಡುವೆ ಸುರಿದರೆ ನೀನು ಸುರಿದದ್ದು ಸೋಸದೆ ನೇರ ಬೇರಿಂಗಿಗೇ ಹೋಯಿತು. ಕಾಫಿ ಫಿಲ್ಟರಿನ ಕೆಳಗಿನ ಪಾತ್ರೆಗೇ ಪುಡಿ ಹಾಕಿದ ಹಾಗೆ. ಬೇರಿಂಗಿನ ಸಂದು ಎಷ್ಟು ಗೊತ್ತಲ್ವಾ? ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಐದಾರು ಪಾಲು. ಅಲ್ಲಿ ಮಣ್ಣಿನ ಕಣ ಕೂತರೆ ಅದು ಉಳಿಯ ಕೆಲಸ ಮಾಡುತ್ತದೆ.

ಇನ್ನೊಂದು ತಮಾಷೆ ಕೇಳು. ಎಂಜಿನ್ ಮಾಡುವವರೇ ಈ ವಿಷಯದಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಟಾಟಾ ಲಾರಿಗಳಲ್ಲಿ ಬಂದ ಕಮ್ಮಿನ್ಸ್ ಎಂಜಿನ್ ಇದೆಯಲ್ಲ, ಆ ಕಮ್ಮಿನ್ಸ್‌ನವರು ಶುದ್ಧ ಎಣ್ಣೆ ತುಂಬಿಯೇ ಫಿಲ್ಟರ್ ಕೂರಿಸಿ ಅನ್ನುತ್ತಾರೆ. ಕ್ಯಾಟರ್‌ಪಿಲ್ಲರ್‌ನವರು ತುಂಬಲೇಬೇಡಿ, ಆ ಎಣ್ಣೆ ಸೋಸಿದ್ದಲ್ಲ ಅನ್ನುತ್ತಾರೆ. ಇಬ್ಬರೂ ಊರಿಗೆಲ್ಲ ಎಂಜಿನ್ ಮಾಡಿಕೊಟ್ಟವರು. ಒಬ್ಬರು ಒಣ ಓಟಕ್ಕೆ ಹೆದರಿದರು, ಇನ್ನೊಬ್ಬರು ಕಸಕ್ಕೆ ಹೆದರಿದರು, ಅಷ್ಟೇ. ಹಾಗಾಗಿ ನಿನ್ನೆದುರು ಇರುವ ಎಂಜಿನ್ನಿನ ಪುಸ್ತಕ ಏನು ಹೇಳುತ್ತದೋ ಅದು ಮೊದಲು. ನಾನೂ ಅಲ್ಲ, ಮೇಸ್ತ್ರಿಯೂ ಅಲ್ಲ.

ಪುಸ್ತಕ ಸಿಗದಿದ್ದರೆ ನಾನು ಮಾಡುವುದು ಇಷ್ಟು. ಫಿಲ್ಟರ್ ಬಾಯಿ ಮೇಲಾಗಿ ನೇರ ಕೂರುವಂಥದ್ದು, ಅದೂ ದೊಡ್ಡದು, ಟರ್ಬೊ ಗಾಡಿ ಅಂದರೆ ತುಂಬುತ್ತೇನೆ. ಅವತ್ತೇ ಸೀಲ್ ಒಡೆದ ಕ್ಯಾನಿನಿಂದ, ಸಣ್ಣ ತೂತಿಗೆ ಮಾತ್ರ. ನಡುವಿನ ತೂತಿಗೆ ಹೆಬ್ಬೆರಳಿನಷ್ಟು ಶುದ್ಧ ಮುಚ್ಚಳ ಒತ್ತಿಟ್ಟುಕೊಳ್ಳುತ್ತೇನೆ. ನಿಧಾನ ಬೇಕು. ಒಳಗೆ ಎಣ್ಣೆ ವಾಪಸ್ ಬಾರದ ಹಾಗೆ ರಬ್ಬರ್ ವಾಲ್ವ್ ಇದ್ದರೆ ಇನ್ನೂ ನಿಧಾನ. ಸ್ವಲ್ಪ ಹಾಕು, ಗುಳ್ಳೆ ಬಿಡುತ್ತದೆ, ಕಾಯಿ, ಮತ್ತೆ ಹಾಕು. ಮುಚ್ಚಳ ತೆಗೆದು ನೋಡಿದಾಗ ನಡುವೆ ಎಣ್ಣೆ ತಾನಾಗಿ ಏರಿ ಬಂದಿದ್ದರೆ ಅದು ಕಾಗದ ದಾಟಿ ಬಂದ ಎಣ್ಣೆ. ಅಲ್ಲಿಗೆ ಸಾಕು. ಅಡ್ಡ ಕೂರುವ ಫಿಲ್ಟರ್, ಬಾಯಿ ಕೆಳಗಾಗಿ ಕೂರುವ ಫಿಲ್ಟರ್ ಆದರೆ ಸುಮ್ನೆ ಖಾಲಿ ಹಾಕು. ತುಂಬಿದರೆ ಅರ್ಧ ನಿನ್ನ ಮೊಣಕೈಗೆ, ಅರ್ಧ ನೆಲಕ್ಕೆ.

ಖಾಲಿ ಹಾಕಿದ ಮೇಲೆ ಸ್ಟಾರ್ಟ್ ಮಾಡುವ ರೀತಿ ಇದೆಯಲ್ಲ, ಅದರಲ್ಲೇ ಎಲ್ಲ ಇದೆ. ನಮ್ಮ ಹಳೇ ಜೀಪಿನ ಹಾಗೆ ಡೀಸೆಲ್ ನಿಲ್ಲಿಸುವ ಸ್ಟಾಪ್ ವೈರ್ ಇರುವ ಗಾಡಿ ಆದರೆ ವೈರ್ ಎಳೆದು ಹಿಡಿದು ಸೆಲ್ಫ್ ಹೊಡೆ. ಎಂಜಿನ್ ಹತ್ತದೆ ತಿರುಗುತ್ತದೆ, ಎಣ್ಣೆ ಏರುತ್ತದೆ. ಹತ್ತು ಸೆಕೆಂಡ್ ಹೊಡೆದು ಬಿಡು, ಸೆಲ್ಫಿಗೂ ಉಸಿರು ಬೇಕು, ಆಮೇಲೆ ಇನ್ನೊಮ್ಮೆ. ಹೊಸ ಗಾಡಿಯಲ್ಲಿ ಆ ವೈರ್ ಇಲ್ಲ. ಅಲ್ಲಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮುಟ್ಟದೆ ಕೂರು. ದೀಪ ಆರಿದ ಮೇಲೂ ಅರ್ಧ ನಿಮಿಷ ಮುಟ್ಟಬೇಡ. ಎಣ್ಣೆ ಬದಲಾಯಿಸಿದ ಖುಷಿಗೆ ರೊಂಯ್ ಅಂತ ರೇಸ್ ಕೊಡುವ ಹುಡುಗರನ್ನು ನೋಡಿದ್ದೇನೆ. ಫಿಲ್ಟರ್ ಖಾಲಿ ಹಾಕಿದ್ದಕ್ಕಿಂತ ಆ ರೇಸೇ ಜಾಸ್ತಿ ತಿನ್ನುತ್ತದೆ.

ಡೀಸೆಲ್ ಫಿಲ್ಟರ್ ವಿಷಯದಲ್ಲಿ ಮಾತ್ರ ಮೇಸ್ತ್ರಿ ತುಂಬು ಅಂದರೂ ತುಂಬಬೇಡ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ ಗಾಡಿಗಳಲ್ಲಿ, 1,600 ಬಾರ್‌ಗೂ ಮೇಲೆ ಒತ್ತಡ ಇರುತ್ತದೆ. ಕಣ್ಣಿಗೆ ಕಾಣದ ಧೂಳು ಸಾಕು ಡೀಸೆಲ್ ಸಿಂಪಡಿಸುವ ಆ ಇಂಜೆಕ್ಟರ್ ಕೆಡಲು. ಖಾಲಿ ಕೂರಿಸಿ ಕೈಪಂಪು ಒತ್ತಿ ಏರ್ ತೆಗಿ. ಹೆಬ್ಬೆರಳು ನೋಯುತ್ತದೆ, ನೋಯಲಿ.

ಅಂದಹಾಗೆ, ಹಳೆ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂತಾ ಅಂತ ನೋಡುತ್ತೀಯಾ? ಅದು ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸ ರಿಂಗ್ ಕೂತರೆ ಒತ್ತಡ ಏರಿದ ಕೂಡಲೇ ಎಣ್ಣೆ ಪೂರ್ತಿ ರಸ್ತೆಗೆ. ಚಾರ್ಮಾಡಿ ಘಾಟಿಯಲ್ಲಿ ಒಂದು ಮ್ಯಾಕ್ಸಿಕ್ಯಾಬ್ ಹಾಗೆ ನಿಂತದ್ದನ್ನು ನಾನೇ ಕಂಡಿದ್ದೇನೆ. ನಿಮ್ಮ ಜಗಳದಲ್ಲಿ ಇದು ಬಂದೇ ಇಲ್ಲ ನೋಡು. ಹೊಸ ರಿಂಗಿಗೆ ಎಣ್ಣೆ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಪಾನಾ ಬೇಡ.

ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಮೇಸ್ತ್ರಿಗೆ ಕಾಫಿ ಹೇಳು. 'ಅಣ್ಣಾ, ಲಾರಿಗೆ ನೀವು ಹೇಳಿದ್ದು ಸರಿ, ಯಾವ ತೂತಿಗೆ ಸುರಿಯೋದು ತೋರಿಸಿ' ಅಂತ ಕೇಳು. ಸಣ್ಣ ತೂತು ತೋರಿಸಿದರೆ ಅವರಿಂದ ಕಲಿಯುವುದು ಇನ್ನೂ ಬೇಕಾದಷ್ಟಿದೆ. ದೊಡ್ಡ ತೂತು ತೋರಿಸಿದರೆ ನನ್ನ ಕಿರುಬೆರಳಿನ ಕಥೆ ಹೇಳು. ನನ್ನ ಮರ್ಯಾದೆ ಹೋದರೆ ಹೋಗಲಿ, ಅವರ ಮರ್ಯಾದೆ ಉಳಿಯುತ್ತದೆ.

ಊರಿಗೆ ಬರುವಾಗ ಜೀಪಿಗೆ ಒಂದು ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಎರಡು ತಾ. ಇಲ್ಲಿ ಸಿಗುವ ವಾಷರ್ ಯಾಕೋ ಒಂದು ನೂಲು ದೊಡ್ಡದು. ದೊಡ್ಡಮ್ಮ ನಿನಗೆ ಹಲಸಿನ ಹಪ್ಪಳ ಎತ್ತಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ