ಹಳೆಯ ಹಾಡುಗಳ ಪಟ್ಟಿ ಕೊಡಿಸಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಆಕಾಶವಾಣಿ ನಡೆಸುವ ಪ್ರಸಾರ ಭಾರತಿಯ 1990ರ ಕಾಯ್ದೆಯನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ದೇಶದ ಬೇರೆ ಬೇರೆ ಭಾಗಗಳ ಭಾಷೆ, ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡಬೇಕು ಅಂತ ಅದರ 12ನೇ ಕಲಮಿನಲ್ಲೇ ಇದೆ. ಹಾಗಿದ್ದರೆ ನಮ್ಮ ಭಾಗದ ಆಕಾಶವಾಣಿ ರೇಡಿಯೊದಲ್ಲಿ ಹಳೆಯ ಕನ್ನಡ ಹಾಡು ಅಂದರೆ ದಿನಾ ಅವೇ ಕೆಲವು ಹಾಡು ಯಾಕೆ? ಉಳಿದವು ಎಲ್ಲಿ ಹೋದವು? ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಿದವರು ಯಾರು? ಕಾರ್ಡು ಬರೆದೆ, ಇಮೇಲ್ ಕಳಿಸಿದೆ. ‘ಪರಿಶೀಲಿಸಲಾಗುವುದು’ ಅನ್ನುವ ಒಂದು ಸಾಲು ಬಿಟ್ಟರೆ ಏನೂ ಬರಲಿಲ್ಲ. ಅದಕ್ಕೇ ಎಲ್ಲರೆದುರು ಕೇಳುತ್ತಿದ್ದೇನೆ.

ಇಷ್ಟು ವರ್ಷ ಸುಮ್ನಿದ್ದವನು ಈಗ ಬರೆಯಲು ಕಾರಣ ನಮ್ಮಮ್ಮ. ಅವರಿಗೆ ಕಣ್ಣು ಪೂರ್ತಿ ಮಂಜಾಗಿದೆ. ಟಿವಿ, ಮೊಬೈಲು ಎರಡೂ ಆಗುವುದಿಲ್ಲ. ಅಡುಗೆಮನೆಯ ಶೆಲ್ಫಿನ ಮೇಲಿನ ರೇಡಿಯೊ ಒಂದೇ ಜೊತೆ. ಕೋರಿಕೆ ಕಾರ್ಯಕ್ರಮಕ್ಕೆ ಫೋನ್ ಹಚ್ಚಿಕೊಡು ಅಂದರು, ಹಚ್ಚಿಕೊಟ್ಟೆ. ಲೈನ್ ಸಿಕ್ಕಿತು. ‘ರೇಡಿಯೊ ಸೌಂಡ್ ಕಡಿಮೆ ಮಾಡಿ ಅಮ್ಮಾ’ ಅಂದ ಕೂಡಲೇ ನಾನು ಓಡಿಹೋಗಿ ಗುಂಡಿ ತಿರುಗಿಸಿದೆ. ಅಮ್ಮ ಹಳೆಯ ಕಾಲದ ಗಾಯಕ ಪಿ. ಕಾಳಿಂಗರಾಯರ ಒಂದು ಹಾಡು ಕೇಳಿದರು. ‘ಅದು ಸಿಸ್ಟಮ್‌ನಲ್ಲಿ ಇಲ್ಲಮ್ಮಾ, ಬೇರೆ ಹೇಳಿ.’ ಇನ್ನೊಂದು ಕೇಳಿದರು. ಅದೂ ಇಲ್ಲ. ಮೂರನೆಯದೂ ಇಲ್ಲ. ‘ನಮ್ಮ ಕಾಲದ್ದು ಏನೂ ಇಟ್ಕೊಂಡೇ ಇಲ್ವಾ ಮಗಾ?’ ಅಂತ ಅಮ್ಮ ಕೇಳುವಷ್ಟರಲ್ಲಿ ಲೈನ್ ಕಟ್ ಆಯಿತು. ಆಮೇಲೆ ಹಾಕಿದ್ದು ಅವತ್ತು ಬೆಳಿಗ್ಗೆಯೇ ಕೇಳಿದ್ದ ಎಂಬತ್ತರ ದಶಕದ ಹಾಡು. ಅದನ್ನು ನಮ್ಮಮ್ಮನ ಹೆಸರು ಹೇಳಿ ಹಾಕಿದರು. ಅವರು ಕೇಳಿರಲೇ ಇಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೇ. ಅವತ್ತಿನಿಂದ ಅಮ್ಮ ಫೋನ್ ಹಚ್ಚು ಅಂದಿಲ್ಲ.

ಮಾತಾಡಿದ ಉದ್ಘೋಷಕಿಯನ್ನು ನಾನು ದೂರುವುದಿಲ್ಲ. ಎದುರಿಗಿದ್ದ ಕಂಪ್ಯೂಟರಿನಲ್ಲಿ ಇದ್ದದ್ದನ್ನು ಅವರು ಹಾಕಿದರು. ವಿಚಾರಿಸಿದಾಗ ಅಲ್ಲಿಯವರೇ ಒಬ್ಬರು ವಿವರ ಹೇಳಿದರು. ಗ್ರಾಮಫೋನ್ ತಟ್ಟೆ, ಟೇಪುಗಳಿಂದ ಕಂಪ್ಯೂಟರಿಗೆ ಬಂದಾಗ ಕೈಗೆ ಸಿಕ್ಕ ಹಾಡುಗಳನ್ನು ಏರಿಸಿದರಂತೆ. ಮಿಕ್ಕವು ಕಪಾಟಿನಲ್ಲೇ ಕೂತಿವೆ. ಆಯ್ಕೆ ಅಂದರೆ ಇಷ್ಟೇ! ಅಣ್ಣಾವ್ರು 1974ರ ನಂತರ ತಾವೇ ಹಾಡತೊಡಗುವ ಮೊದಲು ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಅವರದ್ದು ಈ ರೇಡಿಯೊದಲ್ಲಿ ನಾಲ್ಕೈದು ಹಾಡು ಬಿಟ್ಟರೆ ಕೇಳಿಸುವುದಿಲ್ಲ. ಕಾಳಿಂಗರಾಯರ ಜೊತೆ ಹಾಡುತ್ತಿದ್ದ ಸೋಹನಕುಮಾರಿ, ಮೋಹನಕುಮಾರಿಯರ ದನಿ ನನ್ನ ಮಕ್ಕಳು ಕೇಳಿಯೇ ಇಲ್ಲ.

ಖಾಸಗಿ ಎಫ್‌ಎಂನವರ ದಾರಿ ಬೇರೆ. ಹಾಡಿನ ಕೆಲವೇ ಸೆಕೆಂಡಿನ ತುಣುಕನ್ನು ಕೇಳುಗರಿಗೆ ಕೇಳಿಸಿ, ಗುರುತು ಹಿಡಿದರೆ, ಇಷ್ಟವಾದರೆ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ತೆಗೆಯುತ್ತಾರೆ. ಜಾಹೀರಾತಿನಿಂದ ಬದುಕುವವರು, ಮಾಡಲಿ ಬಿಡಿ. ಆದರೆ ಎಂದೂ ಹಾಕದ ಹಾಡನ್ನು ಯಾರು ಗುರುತು ಹಿಡಿಯುತ್ತಾರೆ? ಜನರ ದುಡ್ಡಿನಲ್ಲಿ ನಡೆಯುವ ರೇಡಿಯೊಗೂ ಅದೇ ಗತಿ ಆದರೆ ಅದು ಯಾಕೆ ಬೇಕು?

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿ ಬಂದ ಮೇಲೆ ಸಿನಿಮಾ ಹಾಡೇ ಸರ್ಕಾರಿ ರೇಡಿಯೊದಿಂದ ಮಾಯವಾಯಿತು. ಜನ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ಹೊರಳಿದರು. ಕಡೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಬೇಕಾಯಿತು. ಕೇಸ್ಕರ್ ಅವರದ್ದು ತಪ್ಪೋ ಸರಿಯೋ, ಒಂದು ತೀರ್ಮಾನ ಅಂತ ಇತ್ತು. ಯಾರನ್ನು ಪ್ರಶ್ನಿಸಬೇಕು ಅಂತ ಕೇಳುಗರಿಗೆ ಗೊತ್ತಿತ್ತು. ಈಗ ತೀರ್ಮಾನ ಮಾಡಿದವರೇ ಇಲ್ಲ, ಹಾಡುಗಳು ಮಾತ್ರ ಇಲ್ಲವಾಗಿವೆ.

ಹಾಡು ಹಾಕಲು ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕಿನ ತೊಂದರೆ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಧ್ವನಿಮುದ್ರಣದ ಮೇಲಿನ ಹಕ್ಕು ಇರುವುದು 60 ವರ್ಷ. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು 2020ಕ್ಕೇ ಮುಗಿಯಿತು. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ನಿಜ. ಅದಕ್ಕೆ ಶುಲ್ಕ ಕಟ್ಟಿ ಪ್ರಸಾರ ಮಾಡಲು ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿಸಿದ 31ಡಿ ಕಲಮಿದೆ. ಯೂಟ್ಯೂಬ್‌ನಲ್ಲಿ ಕೇಳಿಕೊಳ್ಳಿ ಅಂತಲೂ ಹೇಳಬೇಡಿ. ಕಣ್ಣಿಲ್ಲದ ಮುದುಕಿಗೆ ಹಾಗೆ ಹೇಳಲು ಮನಸ್ಸಾದರೂ ಹೇಗೆ ಬರುತ್ತದೆ?

ಕೇಳುತ್ತಿರುವುದು ಪಟ್ಟಿ, ಸ್ವಾಮಿ. ಕಪಾಟಿನಲ್ಲಿ ಯಾವ್ಯಾವ ಹಾಡುಗಳಿವೆ, ಕಂಪ್ಯೂಟರಿಗೆ ಏರಿದ್ದು ಯಾವುವು, ಎರಡೂ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿಸಿ. ಏರದೇ ಉಳಿದವನ್ನು ಏರಿಸಲು ಹಾಡು ಬಲ್ಲ ಇಬ್ಬರನ್ನು ಕೂರಿಸಿ, ಕೇಳುಗರನ್ನೂ ಕೇಳಿ. ಟೇಪಿಗೆ ಬೂಷ್ಟು ಹಿಡಿದ ಮೇಲೆ ಯಾರು ಏನು ಮಾಡಿದರೂ ಆ ದನಿ ವಾಪಸ್ ಬರುವುದಿಲ್ಲ. ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಮಂತ್ರಿಗಳು ಉತ್ತರ ಕೊಡಲೇಬೇಕು, ಅಲ್ವಾ? ಬರುವ ಅಧಿವೇಶನದಲ್ಲೇ ಕೇಳಿ. ಪರಿಶೀಲನೆ ಬೇಡ, ಪಟ್ಟಿ ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ