ತೋಟದ ಮೇಲೆ ಹೋಗೋ ಲೈನು: ಪುಟ್ಟಿಗೆ ದೊಡ್ಡಪ್ಪನ ಪತ್ರ

ಪುಟ್ಟಿ,

ದೊಡ್ಡ ಟವರ್ ಹಾಕಿ ಎಳೆಯೋ ಕರೆಂಟ್ ಲೈನಿಗೆ ಅಂತ ಸರ್ವೆಯವ್ರು ತೋಟದೊಳಗೆ ಕಲ್ಲು ಹುಗಿದು ಹೋದ್ರು, ನಾಡಿದ್ದು ಬಂದು ಒಪ್ಪಿಗೆ ಪತ್ರಕ್ಕೆ ಸೈನು ತಗೋತೀವಿ ಅಂದ್ರು ಅಂತ ಹೇಳ್ದಲ್ಲ, ಫೋನಲ್ಲಿ ಎಲ್ಲಾ ಬಿಡಿಸಿ ಹೇಳೋಕಾಗಲ್ಲ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ನಿಧಾನಕ್ಕೆ ಓದಿ ಅಮ್ಮಂಗೂ ಓದಿ ಹೇಳು. ಮೊದ್ಲಿಗೆ ಇಷ್ಟು, ಅವರ ಹತ್ರ ಜಗಳಕ್ಕೆ ಹೋಗ್ಬೇಡ, ಖಾಲಿ ಬಿಟ್ಟಿರೋ ಯಾವ ಕಾಗದಕ್ಕೂ ಸೈನು ಹಾಕ್ಬೇಡ.

ನಿನ್ನ ತಮ್ಮ ಹೇಳ್ತಾನಲ್ಲ, ನಮ್ಮ ಜಾಗ ನಾವು ಬಿಡಲ್ಲ ಅಂದ್ರೆ ಆಯ್ತು ಅಂತ, ಅದು ನಡೆಯಲ್ಲ ಮಾರಾಯ್ತಿ. 2003ರ ವಿದ್ಯುತ್ ಕಾಯ್ದೆ 164ನೇ ಸೆಕ್ಷನ್‌ನಲ್ಲಿ ಸರ್ಕಾರ ಲೈನ್ ಎಳೆಯೋರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು, ಹಂಗೆ ಕೊಟ್ಟಿದ್ರೆ ಮಾಲೀಕರ ಒಪ್ಪಿಗೆ ಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ, ತಡೆದ್ರೆ ಡಿಸಿ ಆರ್ಡರ್ ತಗೊಂಡು ಪೊಲೀಸ್ ಜೊತೆ ಬರ್ತಾರೆ. ಆದ್ರೆ ಅದೇ ಹಳೇ ಕಾಯ್ದೆಯ 10ನೇ ಸೆಕ್ಷನ್ ನಿನ್ನ ಪರವಾಗೂ ಇದೆ, ಇದನ್ನ ಯಾರೂ ಬಂದು ಹೇಳಲ್ಲ. ಜಾಗ ನಿಂದೇ ಆಗಿರತ್ತೆ, ಅವರಿಗೆ ಸಿಗೋದು ಬಳಸೋ ಹಕ್ಕು ಮಾತ್ರ, ಆದಷ್ಟು ಕಮ್ಮಿ ಹಾಳು ಮಾಡ್ಬೇಕು, ಹಾಳಾಗಿದ್ದಕ್ಕೆಲ್ಲ ಪೂರ್ತಿ ಪರಿಹಾರ ಕೊಡ್ಬೇಕು. ಪೂರ್ತಿ ಅಂತ ಕಾಯ್ದೆಯಲ್ಲೇ ಇದೆ. ಹಂಗಾಗಿ ನಿನ್ನ ಶಕ್ತಿನೆಲ್ಲ ಲೈನ್ ತಡೆಯೋದಕ್ಕೆ ಸುರಿಬೇಡ, ಲೆಕ್ಕ ಸರಿಯಾಗಿ ಬರೆಸೋದಕ್ಕೆ ಹಾಕು. ಗೆರೆ ಸ್ವಲ್ಪ ಆಚೆ ಸರಿಸಿ, ಗುಡ್ಡದ ಕಡೆಯಿಂದ ಹೋಗ್ಲಿ ಅಂತ ಕೇಳೋದಿದ್ರೆ ಈಗ್ಲೇ ಕೇಳ್ಬೇಕು, ಸರ್ವೆ ನಡೀತಿರುವಾಗ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಂಡು. ಟವರಿನ ಬುಡಕ್ಕೆ ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಕೇಳಿಸ್ಕೊಳಲ್ಲ.

ಲೆಕ್ಕ ಎಷ್ಟು ದೊಡ್ಡದು ಅಂತ ಒಂದ್ಸಲ ಯೋಚ್ನೆ ಮಾಡು. 220 ಕೆವಿ ಲೈನ್ ಅಂದ್ರೆ ಕಾರಿಡಾರ್, ಅಂದ್ರೆ ತಂತಿ ಕೆಳಗೆ ಖಾಲಿ ಬಿಡಬೇಕಾದ ಪಟ್ಟಿ, 35 ಮೀಟರ್ ಅಗಲ (66 ಕೆವಿ ಆದ್ರೆ 18, 110 ಆದ್ರೆ 22), ನಿಮ್ಮ ತೋಟದಲ್ಲಿ 100 ಮೀಟರ್ ಉದ್ದ ಹಾದ್ರೆ 3500 ಚದರ ಮೀಟರ್, ಹತ್ತತ್ರ 35 ಗುಂಟೆ! ಒಂಬತ್ತು ಅಡಿ ಅಂತರದಲ್ಲಿ ನೆಟ್ಟಿದ್ರೆ ಅಷ್ಟರಲ್ಲಿ 450ಕ್ಕಿಂತ ಜಾಸ್ತಿ ಅಡಿಕೆ ಮರ ಇರತ್ತೆ. ಅವೆಲ್ಲಾ ಹೋದ್ವು ಅಂತಲೇ ಲೆಕ್ಕ, ಮತ್ತೆ ಅಲ್ಲಿ ಅಡಿಕೆ ತೆಂಗು ಏನೂ ಬೆಳೆಸೋಕೆ ಬಿಡಲ್ಲ, ಮನೆನೂ ಕಟ್ಟೋಹಂಗಿಲ್ಲ. ಭತ್ತ, ಶುಂಠಿ ಅಂತ ಗಿಡ್ಡ ಬೆಳೆ ಬೆಳೀಬಹುದು ಅಷ್ಟೇ.

ಜಾಗದ ಬೆಲೆ ಕುಸಿಯೋದಕ್ಕೆ ಅಂತಲೇ ಬೇರೆ ಪರಿಹಾರ ಇದೆ. ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಟವರ್ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ. 85, ಕಾರಿಡಾರಿಗೆ ಶೇ. 15ರವರೆಗೆ ಅಂದಿತ್ತು, 2024ರ ಜೂನ್‌ನಲ್ಲಿ ಅದನ್ನ ಶೇ. 200 ಮತ್ತು ಶೇ. 30 ಮಾಡಿದ್ರು. ಇವು ಮಾರ್ಗಸೂಚಿ, ರಾಜ್ಯ ಒಪ್ಪಿ ಆದೇಶ ಮಾಡ್ಬೇಕು, ಅದಕ್ಕೇ ನಮ್ಮ ಲೈನಿಗೆ ಯಾವ ಆದೇಶದ ಪ್ರಕಾರ ಕೊಡ್ತೀರಿ ಅಂತ ಡಿಸಿ ಆಫೀಸಿಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲೇ ಉತ್ತರ ತಗೋ. ಇದು ಜಾಗದ್ದು. ಮರ, ಬೆಳೆ ಪರಿಹಾರ ಇದರ ಮೇಲೆ ಬರ್ಬೇಕು, ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದ್ರೆ ಒಪ್ಕೋಬೇಡ.

ಮರ ಕಡಿಯೋಕೆ ಮುಂಚೆ ಎಣಿಸಿ ನಂಬರ್ ಹಾಕಿ ಮಹಜರ್ ಆಗ್ಬೇಕು, ತೋಟಗಾರಿಕೆ ಇಲಾಖೆಯವ್ರು ಇರ್ಬೇಕು, ಕಾಡುಮರ ಇದ್ರೆ ಅರಣ್ಯದವ್ರೂ. ಫಸಲು ಕೊಡೋ ಮರ ಎಷ್ಟು, ಸಸಿ ಎಷ್ಟು, ಮೆಣಸಿನ ಬಳ್ಳಿ ಹಬ್ಬಿರೋದು ಎಷ್ಟು, ಒಂದೊಂದೂ ಬೇರೆ ಬೇರೆ ಬರೆಸು. ಇನ್ನೊಂದು ಮಾತು, ಇದನ್ನ ಆಫೀಸಿನವ್ರು ಬರ್ಕೊಳಲ್ಲ, ತೋಟ ಮಾಡಿದೋರಿಗೇ ಗೊತ್ತಿರೋದು. ತೋಟದ ಮಧ್ಯ ಸಾಲು ತೆಗೆದ್ರೆ ಪಕ್ಕದ ಸಾಲಿಗೆ ಇಳಿಬಿಸಿಲು ನೇರ ಹೊಡೆಯತ್ತೆ, ನೆರಳಲ್ಲೇ ಬೆಳೆದ ಕಾಂಡ ಸುಟ್ಟು ಸೀಳತ್ತೆ, ಎರಡು ಮೂರು ವರ್ಷದಲ್ಲಿ ಆ ಮರಗಳೂ ಮುರಿದು ಬೀಳ್ತವೆ. ಈ ಅಂಚಿನ ಸಾಲುಗಳ ವಿಷ್ಯ, ಲಾರಿ ಜೆಸಿಬಿ ಓಡಾಡಿ ಮುಚ್ಚಿಹೋಗೋ ಬಸಿಗಾಲುವೆ ವಿಷ್ಯ, ಎರಡನ್ನೂ ತಕರಾರಲ್ಲಿ ಸೇರಿಸು. ಎಲ್ಲಾದರ ಫೋಟೋ ವೀಡಿಯೋ ತಾರೀಖು ಸಮೇತ ಇಟ್ಕೋ.

ಆದ್ರೆ ಇದೆಲ್ಲಕ್ಕಿಂತ ಮುಂಚೆ ಪಹಣಿ ನೋಡು. ಅಪ್ಪ ತೀರ್ಕೊಂಡ ಮೇಲೆ ಪೌತಿ ಖಾತೆ, ಅಂದ್ರೆ ಖಾತೆ ವಾರಸುದಾರರ ಹೆಸರಿಗೆ, ಮಾಡ್ಸಿದೀರಾ? ಇನ್ನೂ ಅಪ್ಪನ ಹೆಸರೇ ಇದ್ರೆ ಪರಿಹಾರದ ಚೆಕ್ ಅಲ್ಲೇ ಕೂರತ್ತೆ, ಯಾರಿಗೆ ಎಷ್ಟು ಪಾಲು ಅನ್ನೋ ತಕರಾರಾದ್ರೆ ಅದೂ ಜಿಲ್ಲಾ ನ್ಯಾಯಾಲಯಕ್ಕೇ ಹೋಗತ್ತೆ, ಅಣ್ಣತಮ್ಮ ಅಕ್ಕತಂಗಿ ಮುಖ ನೋಡದ ಹಾಗೆ ಆಗಿರೋದು ನಮ್ಮ ಸೀಮೆಯಲ್ಲೇ ಎಷ್ಟೋ ಇದೆ. ಅಮ್ಮ, ನೀನು, ತಮ್ಮ ಮೂರೂ ಜನದ ಹೆಸರು ಬರ್ಲಿ, ನೀನು ಹೆಣ್ಮಗಳು ಅಂತ ಯಾರಾದ್ರೂ ನಿನ್ನ ಹೆಸರು ಬಿಡೋಕೆ ಹೇಳಿದ್ರೆ ನಂಗೆ ಫೋನ್ ಮಾಡು. ತೋಟದ ಮೇಲ್ಗಡೆ ಸೊಪ್ಪು ತರೋ ಸೊಪ್ಪಿನಬೆಟ್ಟ ಇದ್ಯಲ್ಲ, ಅದರ ಕಾಗದ ಬೇರೆ ಇಟ್ಕೋ, ಅದು ಪಟ್ಟಾ ಜಮೀನಲ್ಲ, ಸವಲತ್ತಿನ ಜಾಗ, ತೋಟದ ಜೊತೆ ಸೇರಿಸಿ ಕೇಳಿದ್ರೆ ತೋಟದ ಫೈಲೂ ನಿಲ್ಲಿಸಿಬಿಡ್ತಾರೆ.

ಕೊಟ್ಟ ದುಡ್ಡು ಕಮ್ಮಿ ಅನ್ಸಿದ್ರೆ ಹೆದರಿ ಸುಮ್ನಾಗ್ಬೇಡ. ತಕರಾರಿಗೆ ಒಳಪಟ್ಟು ಪಡೆದಿದ್ದೇನೆ ಅಂತ ರಸೀದಿ ಮೇಲೆ ಬರೆದು ತಗೋ, ಆಮೇಲೆ ಅದೇ ಟೆಲಿಗ್ರಾಫ್ ಕಾಯ್ದೆಯ 16ನೇ ಸೆಕ್ಷನ್‌ನ ಮೂರನೇ ಉಪವಿಧಿಯಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು, ತಡ ಮಾಡ್ದೆ ಹಾಕು. 2007ರಲ್ಲಿ ಕೇರಳದ ಲಿವಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಎಲ್ಲಾ ಜಾಗಕ್ಕೂ ಒಂದೇ ಸೂತ್ರ ಹಾಕೋಹಂಗಿಲ್ಲ, ಜಾಗ ಎಲ್ಲಿದೆ, ಲೈನ್ ಹೆಂಗೆ ಹಾದಿದೆ, ಉಳಿದ ಭೂಮಿ ಉಪಯೋಗಕ್ಕೆ ಬರತ್ತಾ, ಎಲ್ಲಾ ನೋಡ್ಬೇಕು ಅಂತ. ವಕೀಲರಿಗೆ ಆ ಹೆಸರು ಹೇಳು ಸಾಕು.

ಅಂಗಳದ ಮೂಲೆಯ ಹಳೇ ಕಂಬದ ವಿಷ್ಯ ಬೇರೆ, ಅದು ಮನೆಗಳಿಗೆ ಕರೆಂಟ್ ಕೊಡೋ ಮೆಸ್ಕಾಂ ಕಂಪನಿಯ ಊರ ಲೈನು. ಅಂಥದಕ್ಕೆ 2006ರ ನಿಯಮ ಇದೆ, ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆ ಬೇಕು, ಇಲ್ಲಾಂದ್ರೆ ಡಿಸಿ ಅನುಮತಿ, ಹಾಕಿದ ಮೇಲೂ ಸರಿಯಾದ ಕಾರಣ ತೋರ್ಸಿದ್ರೆ ಸ್ಥಳಾಂತರ ಮಾಡೋಕೆ ಡಿಸಿ ಆದೇಶ ಮಾಡಬಹುದು. ಅದನ್ನ ಆಮೇಲೆ ನೋಡೋಣ, ಆದ್ರೆ ಅಲ್ಲಿವರೆಗೂ ಆ ಲೈನಿನ ಹತ್ರ ಅಡಿಕೆ ಕೊನೆ (ಗೊನೆ) ತೆಗೆಸೋಕೆ ಉದ್ದನೆ ದೋಟಿ ಎತ್ತಿಸ್ಲೇಬೇಡ, ಈಗಿನ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯತ್ತೆ, ಅಲ್ಯೂಮಿನಿಯಂ ಒಂದೇ ಅಪಾಯ ಅಂದ್ಕೊಂಡಿದಾರೆ ಜನ. ಕೊನೆ ತೆಗೆಯೋ ಕೊನೆಗೌಡನಿಗೆ ನೀನೇ ನಿಂತು ಹೇಳು.

ಸೋಮವಾರ ನಾಡಕಚೇರಿಗೆ ಹೋಗಿ ಪೌತಿ ಖಾತೆ ಅರ್ಜಿ ಕೊಡು, ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ಹೋಗು. ಜಮೀನಿನ ಗಡಿ ಅಳೆದು ಗುರುತಿಸೋ ಹದ್ದುಬಸ್ತಿಗೂ ಅವತ್ತೇ ಅರ್ಜಿ ಹಾಕು. ಅವ್ರು ಸೈನಿಗೆ ಬಂದ್ರೆ ದೊಡ್ಡಪ್ಪ ಓದ್ಬೇಕು ಅಂತ ಹೇಳಿ ಒಂದು ಪ್ರತಿ ಇಸ್ಕೊಂಡು ನಂಗೆ ಫೋಟೋ ಕಳ್ಸು. ನಾನು ಆ ವಾರದಲ್ಲೇ ಸಾಗರದ ಬಸ್ಸು ಹತ್ತಿ ಬರ್ತೀನಿ, ಇಬ್ರೂ ಸೇರಿ ಮರ ಎಣಿಸಿ ಸುಣ್ಣದಲ್ಲಿ ನಂಬರ್ ಹಾಕೋಣ.

ಇಂತಿ ನಿನ್ನ
ದೊಡ್ಡಪ್ಪ